ಫೈಲಿಗೆ ಅಂಕವೋ, ಕೆಲಸಕ್ಕೋ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಈ ಮಳೆಯಲ್ಲೂ ಇಷ್ಟು ಜನ ಮೇಷ್ಟ್ರು, ಮೇಡಂಗಳು, ಪೋಷಕರು ಬಂದಿದ್ದೀರಿ. ಖುಷಿಯಾಯಿತು.

ಪರೀಕ್ಷೆಯ ಅಂಕ ಮೇಲೋ, ಪ್ರಾಜೆಕ್ಟಿನ ಅಂಕ ಮೇಲೋ ಅನ್ನುವುದು ಹಳೇ ಜಗಳ. ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದಿದ್ದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ, ಕೈಕೆಲಸದ ಮೂಲಕವೇ ಪಾಠ ಆಗಲಿ ಎಂದರು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಎರಡಕ್ಕೂ ಜಾಗವಿದೆ. 625ರಲ್ಲಿ 500 ಲಿಖಿತ, 125 ಆಂತರಿಕ, ಅಂದರೆ ಪ್ರಾಜೆಕ್ಟಿನಂಥ ಕೆಲಸಕ್ಕೆ ಶಾಲೆಯಲ್ಲೇ ಕೊಡುವ ಅಂಕ.

ಈ ಆಂತರಿಕ ಅಂಕ ಹೇಗೆ ಬರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಝೆರಾಕ್ಸ್ ಅಂಗಡಿಯ ಪ್ರಿಂಟು, ಅಮ್ಮನ ಕೈಬರಹ, ಮೇಲೊಂದು ಬಣ್ಣದ ರಟ್ಟು. ನಾವು ಅಂಕ ಕೊಡುತ್ತಿರುವುದು ಫೈಲಿಗೆ. ಕೆಲಸಕ್ಕಲ್ಲ.

ಕೆಲಸಕ್ಕೆ ಅಂಕ ಅಂದರೆ ಹೇಗೆ? ಇಲ್ಲಿಯದೇ ಉದಾಹರಣೆ ತೆಗೆದುಕೊಳ್ಳೋಣ. ಕಾಫಿ ತೋಟದವರು ಮಳೆಯನ್ನು ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮಳೆಮಾಪಕ ಇಟ್ಟು ಜೂನ್, ಜುಲೈ ಮಳೆ ಬರೆದಳು ಅಂದುಕೊಳ್ಳಿ. ನಡುವೆ ಎರಡು ದಿನ ಖಾಲಿ. ಪಕ್ಕದಲ್ಲಿ 'ಅಜ್ಜಿ ಮನೆಗೆ ಹೋಗಿದ್ದೆ' ಅಂತ ಬರೆದಿದ್ದಾಳೆ. ಮರುದಿನದ ಸಂಖ್ಯೆ ಜಾಸ್ತಿ ಇದೆ. 'ಇದು ಮೂರು ದಿನದ್ದು ಸೇರಿ' ಅಂತ ಗುರುತು ಹಾಕಿದ್ದಾಳೆ. ಸೆಂಟನ್ನು ಮಿಲಿಮೀಟರಿಗೆ ಬದಲಿಸುವಾಗ ಒಂದು ಕಡೆ ದಶಮಾಂಶ ತಪ್ಪಿದೆ, ಹೊಡೆದು ಮತ್ತೆ ಮಾಡಿದ್ದಾಳೆ. ಅವಳ ಬೆಂಚಿನ ಹಿಂದಿನ ಹುಡುಗನ ಪಟ್ಟಿಯಲ್ಲಿ ಒಂದು ದಿನವೂ ಖಾಲಿಯಿಲ್ಲ. ಎಲ್ಲಾ ಒಂದೇ ಪೆನ್ನು, ಒಂದೇ ಅಕ್ಷರ, ಒಂದೇ ರಾತ್ರಿಯ ಕೆಲಸ. ಇವತ್ತು 20ಕ್ಕೆ 20 ಬರುವುದು ಅವನಿಗೆ!

ಹಾಗಂತ ಪರೀಕ್ಷೆಯನ್ನು ಬೈಯುವವರ ಜೊತೆ ನಾನಿಲ್ಲ. ಉತ್ತರ ಪತ್ರಿಕೆ ತಿದ್ದುವವರಿಗೆ ಮಗು ಯಾರ ಮನೆಯದು ಅಂತ ಗೊತ್ತಿರುವುದಿಲ್ಲ. ತೋಟದ ಸಾಹುಕಾರರ ಮಗನೂ ಒಂದೇ, ತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯೂ ಒಂದೇ. ಪ್ರಾಜೆಕ್ಟ್ ಮನೆಗೆ ಹೋದ ಕೂಡಲೇ ಈ ಸಮಾನತೆ ಹೋಯಿತು. ಒಂದು ಮನೆಯಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್ ಇದೆ. ಇನ್ನೊಂದು ಮನೆಯಲ್ಲಿ ಸಂಜೆಯಾದರೆ ಕರೆಂಟೇ ಇರುವುದಿಲ್ಲ.

ಅದಕ್ಕೇ ಪ್ರಾಜೆಕ್ಟ್ ಶಾಲೆಯಲ್ಲೇ, ಪಿರಿಯಡ್ಡಿನಲ್ಲೇ ಆಗಲಿ. ರಟ್ಟಿಗೆ, ಅಲಂಕಾರಕ್ಕೆ ಸೊನ್ನೆ. ಒಟ್ಟು ಅಂಕದಲ್ಲಿ ಅರ್ಧ ಕಚ್ಚಾ ನೋಟ್‌ಬುಕ್ಕಿಗೆ, ಇನ್ನರ್ಧ ಮಗು ಬಾಯಲ್ಲಿ ಹೇಳುವ ಉತ್ತರಕ್ಕೆ. ಯಾವುದಕ್ಕೆ ಎಷ್ಟು ಅಂತ ಶುರುವಿನಲ್ಲೇ ಬೋರ್ಡಿನ ಮೇಲೆ ಬರೆದುಬಿಡಿ.

"ಕ್ಲಾಸಲ್ಲಿ ಅರವತ್ತು ಮಕ್ಕಳಿದ್ದರೆ ಇದೆಲ್ಲ ಆಗುತ್ತದಾ ಸಾರ್?" ಅಂತ ಕೇಳುತ್ತೀರಿ. ಎಲ್ಲ ವಿಷಯಕ್ಕೂ ಆಗುವುದಿಲ್ಲ. ವರ್ಷಕ್ಕೆ ಒಂದೇ ಪ್ರಾಜೆಕ್ಟ್ ಮಾಡಿಸಿ. ವಿಜ್ಞಾನ, ಗಣಿತ, ಕನ್ನಡದ ಮೇಷ್ಟ್ರು ಸೇರಿ ಅದೊಂದನ್ನೇ ನೋಡಲಿ. ಮಳೆಯ ಪಟ್ಟಿಯಲ್ಲಿ ಮೂವರಿಗೂ ಬೇಕಾದಷ್ಟು ಕೆಲಸವಿದೆ. ಪೋಷಕರಿಗೆ ಒಂದು ಮಾತು: ದಯವಿಟ್ಟು ಪೆನ್ನನ್ನು ಮಗುವಿನ ಕೈಯಲ್ಲೇ ಬಿಡಿ. ಈಗ ನೀವು ಕೇಳಿ, ಜಗಳಕ್ಕೂ ನಾನು ಸಿದ್ಧ.