ಒಣಗಿದ ನಾಲಿಗೆಗೆ ಸಕ್ಕರೆಯೂ ಸಪ್ಪೆ

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಸಕ್ಕರೆ ಡಬ್ಬಿ ಇದೆಯಾ? ಹಾಗಾದರೆ ನಾಲಿಗೆ ಹೊರಗೆ ಚಾಚಿ, ಶುದ್ಧವಾದ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒಳಗೆ ಎಳೆದುಕೊಳ್ಳಬೇಡಿ. ತುದಿಗೆ ನಾಲ್ಕು ಹರಳು ಸಕ್ಕರೆ ಇಡಿ. ಸಿಹಿಯೇ ಗೊತ್ತಾಗುವುದಿಲ್ಲ, ಮರಳು ಇಟ್ಟ ಹಾಗಿರುತ್ತದೆ. ಜೊಲ್ಲು ಬಂದು ಸಕ್ಕರೆ ಕರಗಬೇಕು, ಆಮೇಲೆ ರುಚಿ.

ನಾನು ಹಲ್ಲಿನ ಡಾಕ್ಟರು. ಹೋದ ವರ್ಷ ಕಾಲೇಜು ಹುಡುಗನೊಬ್ಬ ಬಂದಿದ್ದ. "ಡಾಕ್ಟ್ರೇ, ಯಾವ ಫ್ಲೇವರೂ ಗೊತ್ತಾಗ್ತಿಲ್ಲ. ಅಮ್ಮ ಮಾಡಿದ ಸಾರೂ ಸಪ್ಪೆ" ಅಂದ. ಬಾಯೊಳಗೆ ಪುಟ್ಟ ಕನ್ನಡಿ ಇಟ್ಟೆ. ಅದು ಕೆನ್ನೆಯ ಒಳಭಾಗಕ್ಕೆ ಅಂಟಿಕೊಂಡಿತು! ಒದ್ದೆ ಇರುವ ಬಾಯಲ್ಲಿ ಅದು ಸಲೀಸಾಗಿ ಜಾರಬೇಕು. "ವೇಪ್ ಸೇದ್ತೀಯಾ?" ಅಂತ ಕೇಳಿದೆ. ವೇಪ್ ಅಂದರೆ ಇ-ಸಿಗರೇಟ್, ಒಳಗಿನ ದ್ರವವನ್ನು ಬಿಸಿ ಮಾಡಿ ಹೊಗೆಯ ಹಾಗೆ ಎಳೆಯುವ ಸಾಧನ. ಮೊದಲು ಸುಮ್ಮನಿದ್ದ. ಆಮೇಲೆ, "ಅದು ಬರೀ ನೀರಿನ ಆವಿ ಅಲ್ವಾ?" ಅಂದ.

ಅಲ್ಲ. ಅದರೊಳಗಿನ ದ್ರವದಲ್ಲಿ ಹೆಚ್ಚಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಜೊತೆಗೆ ಫ್ಲೇವರ್, ಸಾಮಾನ್ಯವಾಗಿ ನಿಕೋಟಿನ್. ಪ್ರೊಪಿಲೀನ್ ಗ್ಲೈಕಾಲ್ ಎಲ್ಲಿ ತೇವ ಕಂಡರೂ ಹೀರಿಕೊಳ್ಳುತ್ತದೆ. ದಿನವಿಡೀ ಹತ್ತು ನಿಮಿಷಕ್ಕೊಂದು ಪಫ್ ಎಳೆದರೆ ಬಾಯಿ ಒಣಗದೆ ಇನ್ನೇನಾಗುತ್ತದೆ? ಅದರ ಮೇಲೆ ಒಂದೇ ಮಾವಿನ ಫ್ಲೇವರ್ ಸೇದೀ ಸೇದೀ ಮೂಗೂ ಅದಕ್ಕೆ ಒಗ್ಗಿಹೋಗುತ್ತದೆ. ಹೀಗೆ ರುಚಿ ಹೋಗುವುದಕ್ಕೆ ವೇಪ್ ಸೇದುವವರು 'ವೇಪರ್ಸ್ ಟಂಗ್' ಅನ್ನುತ್ತಾರೆ. ಸಾಮಾನ್ಯವಾಗಿ ಬಿಟ್ಟರೆ ಸರಿಹೋಗುತ್ತದೆ.

ನನಗೆ ಜಾಸ್ತಿ ಚಿಂತೆ ರುಚಿಯದ್ದಲ್ಲ. ಜೊಲ್ಲು ನಮ್ಮ ಬಾಯಿಯ ಕೆಲಸದಾಕೆ ಇದ್ದ ಹಾಗೆ. ತಿಂದದ್ದರ ಚೂರು ತೊಳೆಯುತ್ತದೆ, ಹಲ್ಲು ಸವೆಸುವ ಆಮ್ಲದ ಜೋರು ತಗ್ಗಿಸುತ್ತದೆ. ಆಕೆ ರಜೆ ಹಾಕಿದರೆ ಹುಳುಕು, ವಾಸನೆ, ನಾಲಿಗೆ ಮೇಲೆ ಬಿಳಿ ಪದರ, ಎಲ್ಲಾ ಬರಬಹುದು. ಕೆಲವು ದ್ರವಗಳಿಗೆ ಸಿಹಿಕಾರಕ ಬೇರೆ ಹಾಕಿರುತ್ತಾರೆ.

ನಿಕೋಟಿನ್ ಇನ್ನೂ ಕಳ್ಳ. ವಸಡಿನ ರಕ್ತನಾಳಗಳನ್ನು ಅದು ಬಿಗಿಗೊಳಿಸುತ್ತದೆ. ವಸಡು ಊದಿದ್ದರೂ ರಕ್ತ ಹೆಚ್ಚು ಬರುವುದಿಲ್ಲ. ಬ್ರಷ್ ಮೇಲೆ ಕೆಂಪು ಕಾಣದವರು ಡಾಕ್ಟರ ಹತ್ತಿರ ಯಾಕೆ ಬರುತ್ತಾರೆ, ಹೇಳಿ? ಒಳಗೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಿದ್ದರೂ ಅವರಿಗೆ ಸುಳಿವು ಸಿಗುವುದಿಲ್ಲ.

ನಮ್ಮ ದೇಶದಲ್ಲಿ 2019ರಿಂದ ಇ-ಸಿಗರೇಟ್ ಮಾರುವಂತಿಲ್ಲ, ತರಿಸುವಂತಿಲ್ಲ, ಜಾಹೀರಾತೂ ಕೊಡುವಂತಿಲ್ಲ. ಕರ್ನಾಟಕ ಇನ್ನೂ ಮೊದಲೇ, 2016ರಲ್ಲಿ, ನಿಷೇಧಿಸಿತ್ತು. ಆದರೂ ಆ ಹುಡುಗನ ಜೇಬಿನಲ್ಲಿ ಒಂದಿತ್ತು, ನೋಡೋಕೆ ಥೇಟ್ ಪೆನ್ ಡ್ರೈವ್. ಕದ್ದು ಮಾರುವ ಮಾಲಿನ ಮೇಲೆ ಬರೆದದ್ದನ್ನು ಹೇಗೆ ನಂಬುವುದು?

ಮೂರು ವಾರ ಬಿಟ್ಟು ಅವನು ಮತ್ತೆ ಬಂದ. ವೇಪ್ ಬಿಟ್ಟಿದ್ದ. ಕನ್ನಡಿ ಅಂಟಲಿಲ್ಲ, ಸಾರಿನ ಹುಳಿ ಗೊತ್ತಾಗುತ್ತಿದೆಯಂತೆ. ಆದರೆ ಮುಖದಲ್ಲಿ ಗಾಬರಿ. "ಬಿಟ್ಟ ಮೇಲೆ ಹಲ್ಲುಜ್ಜಿದರೆ ರಕ್ತ ಬರ್ತಿದೆ ಡಾಕ್ಟ್ರೇ, ಸೇದುವಾಗಲೇ ಚೆನ್ನಾಗಿತ್ತು!"

ನಾನು ನಕ್ಕೆ. "ಆಗಲೂ ವಸಡು ಕೆಟ್ಟೇ ಇತ್ತಪ್ಪಾ, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ" ಅಂತ ಹೇಳಿ, ಕುರ್ಚಿ ಹಿಂದಕ್ಕೆ ಒರಗಿಸಿ ಹಲ್ಲು ಕ್ಲೀನ್ ಮಾಡಲು ಕೂತೆ.