ನಾಲ್ಕೇ ಮೌಲ್ಯ, ಐದನೆಯದಿಲ್ಲ

ಕೇಳುಗರಿಗೆ ನಮಸ್ಕಾರ.

ರಕ್ತದ ಗುಂಪು ಎಷ್ಟು ಅಂತ ಕೇಳಿದರೆ ನಾವು ಎ, ಬಿ, ಎಬಿ, ಓ ಅಂತ ಹೇಳಿ ನಿಲ್ಲಿಸುತ್ತೇವೆ. ಪಾಸಿಟಿವ್, ನೆಗೆಟಿವ್ ಮಾತು ಸದ್ಯಕ್ಕೆ ಬದಿಗಿರಲಿ. ಪಟ್ಟಿ ಅಲ್ಲಿಗೆ ಮುಗಿಯಿತು ಅನ್ನುವುದು ನಮಗೆ ಗೊತ್ತು. ಕಂಪ್ಯೂಟರಿಗೆ ಅದನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಹೇಳುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಒಂದು ಕ್ಷೇತ್ರದಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಸಂಬಂಧ ಅಂತ ಕಂಪ್ಯೂಟರ್ ತರ್ಕ ಮಾಡುವ ಹಾಗೆ ಬರೆದಿಟ್ಟರೆ ಅದು ಆಂಟಾಲಜಿ. ಬರೆಯುವ ಭಾಷೆ ಔಲ್, ಅಂದರೆ ವೆಬ್ ಆಂಟಾಲಜಿ ಲಾಂಗ್ವೇಜ್. ಅದಕ್ಕೆ ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2004ರಲ್ಲಿ ಒಪ್ಪಿಗೆ ಕೊಟ್ಟಿತು, 2009ರಲ್ಲಿ ಔಲ್ 2 ಬಂತು. ಬರೆಯಲು ಬಹಳ ಜನ ಬಳಸುವ ಎಡಿಟರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಟೆಜೆ.

ಪ್ರೊಟೆಜೆಯಲ್ಲಿ ಡೇಟಾಟೈಪ್ಸ್ ಟ್ಯಾಬಿಗೆ ಹೋಗಿ ಹೊಸ ಡೇಟಾಟೈಪ್, ಅಂದರೆ ಮೌಲ್ಯಗಳ ಒಂದು ಬಗೆ, ಮಾಡಿ. ಅದರ ವ್ಯಾಖ್ಯೆಯ ಜಾಗದಲ್ಲಿ ಪುಷ್ಪಾವರಣ ತೆರೆದು, ನಾಲ್ಕೂ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆದು, ನಡುವೆ ಅಲ್ಪವಿರಾಮ ಹಾಕಿ, ಆವರಣ ಮುಚ್ಚಿ. ಆಮೇಲೆ ರಕ್ತದ ಗುಂಪು ಅನ್ನುವ ಡೇಟಾ ಪ್ರಾಪರ್ಟಿ ಮಾಡಿ; ಒಬ್ಬರಿಗೆ ಪಠ್ಯ, ಸಂಖ್ಯೆಯಂಥ ಮೌಲ್ಯ ಜೋಡಿಸುವ ಗುಣ ಅದು. ಅದರ ರೇಂಜ್, ಅಂದರೆ ಅದಕ್ಕೆ ಬರಬಹುದಾದ ಮೌಲ್ಯಗಳ ವ್ಯಾಪ್ತಿ, ಈ ಡೇಟಾಟೈಪೇ ಅಂತ ಕೊಡಿ. ಅಷ್ಟೇ ಕೆಲಸ.

ಈಗ ಯಾರಿಗೋ ಗುಂಪು 'ಸಿ' ಅಂತ ಬರೆದು, ತರ್ಕ ಮಾಡುವ ತಂತ್ರಾಂಶವಾದ ರೀಸನರ್ ಓಡಿಸಿದರೆ, ಆಂಟಾಲಜಿಯಲ್ಲಿ ವಿರೋಧ ಇದೆ ಅಂತ ಅದು ಹೇಳುತ್ತದೆ. ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಇದ್ದು, ಇಲ್ಲಿ ಸಣ್ಣಕ್ಷರದಲ್ಲಿ ಬರೆದರೂ ಅದೇ ಗತಿ. ಮೌಲ್ಯ ತುಂಬುವಾಗ ಭಾಷೆಯ ಖಾನೆಯಲ್ಲಿ ಇಂಗ್ಲಿಷ್ ಅಂತ ಗುರುತು ಹಾಕಿದರೂ ಅಷ್ಟೇ. ಕಣ್ಣಿಗೆ ಅದೇ 'ಎ', ಆದರೆ ಔಲ್ ಲೆಕ್ಕದಲ್ಲಿ ಅದು ಬೇರೆಯೇ ಮೌಲ್ಯ. ಇಲ್ಲಿ ಜಾಸ್ತಿ ಹೊತ್ತು ಹುಡುಕಾಡುವಂತಾಗುತ್ತದೆ, ಖಾನೆಯನ್ನು ಮೊದಲೇ ನೋಡಿಕೊಳ್ಳಿ.

ಹಾಗಂತ ಗುಂಪನ್ನೇ ಬರೆಯದೆ ಬಿಟ್ಟರೆ ರೀಸನರ್ ಸುಮ್ನಿರುತ್ತದೆ. ಬರೆದಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ, ಇನ್ನೂ ಗೊತ್ತಿಲ್ಲ ಅಂತ ಅದು ತಿಳಿಯುತ್ತದೆ. ಖಾಲಿ ಬಿಟ್ಟದ್ದನ್ನು ಹಿಡಿಯಬೇಕಾದರೆ ಮಾಹಿತಿ ಸರಿಯಿದೆಯೇ ಅಂತ ಪರೀಕ್ಷಿಸುವ ಶಾಕಲ್ ಭಾಷೆಯಲ್ಲಿ ನಿಯಮ ಬರೆಯಿರಿ, ಅದು ಇರುವುದೇ ಆ ಪರೀಕ್ಷೆಗೆ.

ನನಗೆ ಮುಖ್ಯ ಅನಿಸುವ ಪ್ರಶ್ನೆ ಇನ್ನೊಂದಿದೆ. ಎ ಗುಂಪಿನ ಕೆಂಪು ರಕ್ತಕಣವನ್ನು ಎಬಿ ಗುಂಪಿನವರಿಗೆ ಕೊಡಬಹುದು ಅಂತ ಬರೆಯಬೇಕು ಅಂದುಕೊಳ್ಳಿ. ಎಲ್ಲಿ ಬರೆಯುತ್ತೀರಿ? ಇಲ್ಲಿ 'ಎ' ಬರೀ ಅಕ್ಷರ. ಅದಕ್ಕೆ ಗುಣ ಅಂಟಿಸಲು ಬರುವುದಿಲ್ಲ, ಅದರಿಂದ ಸಂಬಂಧ ಹೊರಡಿಸಲೂ ಬರುವುದಿಲ್ಲ. ಆಗ ನಾಲ್ಕು ಗುಂಪನ್ನೂ ಇಂಡಿವಿಜುವಲ್, ಅಂದರೆ ಸ್ವತಂತ್ರ ವಸ್ತು, ಮಾಡಿ, ರಕ್ತಗುಂಪು ಅನ್ನುವ ಕ್ಲಾಸ್, ಅಂದರೆ ವಸ್ತುಗಳ ವರ್ಗ, ಈ ನಾಲ್ಕಕ್ಕೆ ಸಮ ಅಂತ ಹೇಳಬೇಕು. ಪುಷ್ಪಾವರಣ ಅದೇ, ಒಳಗೆ ಉದ್ಧರಣ ಚಿಹ್ನೆ ಮಾತ್ರ ಇರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈಗ 'ಸಿ' ಅನ್ನುವ ಐದನೆಯ ಇಂಡಿವಿಜುವಲ್ ಸೇರಿಸಿ, ಅದೂ ರಕ್ತಗುಂಪು ಅಂತ ಬರೆಯಿರಿ. ರೀಸನರ್ ತಪ್ಪು ಅನ್ನುವುದಿಲ್ಲ! ಒಂದೇ ವಸ್ತುವಿಗೆ ಎರಡು ಹೆಸರಿರಬಹುದು ಅಂತ ಔಲ್ ಒಪ್ಪುತ್ತದೆ. ಹಾಗಾಗಿ 'ಸಿ' ಆ ನಾಲ್ಕರಲ್ಲಿ ಯಾವುದೋ ಒಂದರ ಇನ್ನೊಂದು ಹೆಸರಿರಬೇಕು ಅಂತ ತೀರ್ಮಾನಿಸುತ್ತದೆ. ಅಷ್ಟೇ ಏಕೆ, ಎ ಮತ್ತು ಬಿ ಕೂಡ ಒಂದೇ ಇರಬಹುದು ಅನ್ನುವ ಸಾಧ್ಯತೆಯನ್ನೂ ಅದು ಬಿಡುವುದಿಲ್ಲ. ಇವೆಲ್ಲ ಒಂದರಿಂದೊಂದು ಬೇರೆ ಅಂತ ಡಿಫರೆಂಟ್ ಇಂಡಿವಿಜುವಲ್ಸ್ ಹೇಳಿಕೆ ಹಾಕಿದ ಮೇಲೆಯೇ ಪಟ್ಟಿ ನಿಜವಾಗಿ ಬಿಗಿಯಾಗುವುದು. ಪಠ್ಯ ಮೌಲ್ಯಗಳಿಗೆ ಈ ತಾಪತ್ರಯ ಇಲ್ಲ.

ಮೌಲ್ಯದ ಬಗ್ಗೆ ಮುಂದೆ ಏನಾದರೂ ಹೇಳುವುದಿದ್ದರೆ ಇಂಡಿವಿಜುವಲ್ ಮಾಡಿ, ಇಲ್ಲದಿದ್ದರೆ ಡೇಟಾಟೈಪ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಧ್ಯದಲ್ಲಿ ಬದಲಾಯಿಸಿದರೆ ಡೇಟಾ ಪ್ರಾಪರ್ಟಿಯನ್ನು, ವಸ್ತುವಿಗೆ ವಸ್ತುವನ್ನೇ ಜೋಡಿಸುವ ಆಬ್ಜೆಕ್ಟ್ ಪ್ರಾಪರ್ಟಿ ಮಾಡಿ, ತುಂಬಿದ ಮಾಹಿತಿಯನ್ನೆಲ್ಲ ತಿದ್ದಬೇಕಾಗುತ್ತದೆ.

ದೊಡ್ಡ ಆಂಟಾಲಜಿ ಬರೆಯುವವರಿಗೆ ಇನ್ನೊಂದು ಮಾತು. ಔಲ್ 2ರ ಕೆಲವು ಸೌಲಭ್ಯ ಬಿಟ್ಟು ಮಾಡಿದ ಕಿರು ರೂಪಗಳಿಗೆ ಪ್ರೊಫೈಲ್ ಅನ್ನುತ್ತಾರೆ. ವೇಗಕ್ಕಾಗಿ ಇಎಲ್ ಪ್ರೊಫೈಲ್ ಆರಿಸಿಕೊಂಡರೆ, ಆವರಣದೊಳಗೆ ಒಂದೇ ಒಂದು ಮೌಲ್ಯ ಬರೆಯಲು ಅವಕಾಶ. ಕ್ಯೂಎಲ್ ಪ್ರೊಫೈಲಿನಲ್ಲಿ ಅದೂ ಇಲ್ಲ. ಪಟ್ಟಿ ಮಾಡಲು ಕೂರುವ ಮೊದಲು ಪ್ರೊಫೈಲ್ ಯಾವುದು ಅಂತ ನೋಡಿಕೊಳ್ಳಿ.

ನಮಸ್ಕಾರ.