ಇನ್ನೆರಡು ಮೂಟೆ ಸಿಮೆಂಟ್ ಸುರಿದರೆ ಸಾಕೇ?

ನಮಸ್ಕಾರ. ನನ್ನ ಅಂಗೈಯಲ್ಲಿರುವ ಈ ಹೆಂಟೆಯನ್ನು ನೋಡಿ. ಪಾಂಡವಪುರದ ಕಡೆಯ ಒಂದು ನಾಲೆ ಏರಿಯ ರಸ್ತೆಯಿಂದ ಕಿತ್ತು ಬಂದದ್ದು. ಮರಳು ಮಣ್ಣಿಗೆ ಸಿಮೆಂಟ್ ಬೆರೆಸಿ ಹಾಸಿದ ಪದರ. ಹೆಬ್ಬೆರಳಿನಿಂದ ಅಂಚನ್ನು ಉಜ್ಜುತ್ತೇನೆ. ಉದುರಿತು ನೋಡಿ, ರವೆಯ ಹಾಗೆ! ಕೆಲಸ ಮಾಡಿಸಿದವರನ್ನು ಕೇಳಿದೆ. "ಇನ್ನೆರಡು ಮೂಟೆ ಸುರಿಯಬೇಕಿತ್ತು, ಸಾರ್" ಎಂದರು. ನನ್ನ ತಕರಾರು ಈ ಮಾತಿನ ಮೇಲೆಯೇ.

ಮರಳಿಗೆ ಜಿಗುಟಿಲ್ಲ, ಸಿಮೆಂಟ್ ಬೇಕು, ಒಪ್ಪಿದೆ. ಆದರೆ ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣವೂ ಹೊರಬೀಳುತ್ತದೆ. ಅದು ಬಲಕ್ಕೆ ಹೆಚ್ಚೇನೂ ಒದಗುವುದಿಲ್ಲ, ದಂಡಕ್ಕೆ ಬಿದ್ದಿರುತ್ತದೆ. ಜಿಯೋಲೈಟ್‌ನಂಥ ಖನಿಜವನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿದರೆ, ಅದರ ಸಿಲಿಕಾ ಮತ್ತು ಅಲ್ಯುಮಿನಾ ಆ ಸುಣ್ಣದೊಡನೆ ಕೂಡಿ ಮತ್ತಷ್ಟು ಅಂಟನ್ನು ಹುಟ್ಟಿಸುತ್ತವೆ. ಸಿಮೆಂಟಿನಲ್ಲಿ ಸುಮಾರು ಶೇ. 30ರಷ್ಟನ್ನು ತೆಗೆದು ಅಷ್ಟೇ ಜಿಯೋಲೈಟ್ ಹಾಕಿದಾಗ ಮರಳಿನ ಬಲ ಏರಿದ್ದು ಪ್ರಯೋಗಾಲಯಗಳಲ್ಲಿ ಕಂಡಿದೆ. ಬರೀ ಸಿಮೆಂಟನ್ನೇ ಸುರಿಯುತ್ತ ಹೋದರೆ ಪದರ ಬಿರುಸಾಗಿ, ಕುಗ್ಗಿ, ಬಿರುಕು ಬಿಡುತ್ತದೆ.

ಇದನ್ನು ಹೊಸ ವಿದ್ಯೆ ಎನ್ನುವವರು ಕನ್ನಂಬಾಡಿಗೆ ಹೋಗಿ ಬರಲಿ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ: ಸುಟ್ಟ ಜೇಡಿಯ ಪುಡಿ ಮತ್ತು ಸುಣ್ಣ. ಅಲ್ಲಿ ಸುಣ್ಣವನ್ನು ನಾವೇ ಹಾಕಿದೆವು, ಇಲ್ಲಿ ಸಿಮೆಂಟ್ ಕೊಡುತ್ತದೆ, ವ್ಯತ್ಯಾಸ ಅಷ್ಟೇ. ಆ ನೀರಿನಲ್ಲಿ ಭತ್ತ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂತಲ್ಲ!

ತೊಡಕಿಲ್ಲವೆಂದಲ್ಲ. ಜಿಯೋಲೈಟ್ ಬರಬೇಕಾದದ್ದು ಮಹಾರಾಷ್ಟ್ರದ ಬಸಾಲ್ಟ್ ಬಂಡೆಗಳಿಂದ. ಲಾರಿ ಬಾಡಿಗೆ ಕೂಡಿಸಿದರೆ ಉಳಿತಾಯವೆಲ್ಲ ಅಲ್ಲಿಗೇ ಹೋಗಬಹುದು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಆತುರ. ಖನಿಜದ ಕೆಲಸ ನಿಧಾನ. ಮಾದರಿ ತುಂಡನ್ನು 7ನೇ ದಿನಕ್ಕೇ ಒಡೆದು ಬಲ ನೋಡಿದರೆ ಬರೀ ಸಿಮೆಂಟಿನದೇ ಮೇಲುಗೈ ಆಗಬಹುದು. 28 ದಿನ, 90 ದಿನ ಕಾದರೆ ಲೆಕ್ಕ ಬೇರೆ. ಅಲ್ಲಿಯವರೆಗೆ ತೇವ ಆರಬಾರದು. ನಮ್ಮಲ್ಲಿ ಒದ್ದೆ ಗೋಣಿಚೀಲ ಹೊದಿಸಿದ ಮೂರನೇ ದಿನವೇ ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿರುತ್ತದೆ.

ನಾನು ಕೇಳುತ್ತಿರುವುದು ನೂರೇ ಮೀಟರ್ ರಸ್ತೆ. ಅರ್ಧಕ್ಕೆ ಬರೀ ಸಿಮೆಂಟ್, ಇನ್ನರ್ಧಕ್ಕೆ ಖನಿಜ ಬೆರೆತದ್ದು. ಕಬ್ಬು ಕಡಿಯುವ ಮೊದಲೇ ಹಾಸಿ, 90 ದಿನ ಯಾರೂ ಹತ್ತದಂತೆ ಕಲ್ಲು ಅಡ್ಡ ಇಡಿ. ಆಮೇಲೆ ಎರಡೂ ಕಡೆಯಿಂದ ಒಂದೊಂದು ಹೆಂಟೆ ಕಿತ್ತು ಕೊಡಿ, ಇದೇ ಕ್ಯಾಮೆರಾದ ಮುಂದೆ ಉಜ್ಜುತ್ತೇನೆ.